ಫಲಕದ ನೂರು, ರಸ್ತೆಯ ನೂರಿಪ್ಪತ್ತು: ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ವೇಗಮಿತಿಯ ಪಾಲನೆ

2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರುಗಳ ವೇಗಮಿತಿ ಗಂಟೆಗೆ 100 ಕಿ.ಮೀ. ಸುಮಾರು 119 ಕಿ.ಮೀ. ದಾರಿಗೆ ಈ ವೇಗದಲ್ಲಿ 71 ನಿಮಿಷ ಬೇಕು. 120ರಲ್ಲಿ ಓಡಿಸಿದರೆ 60. ಉಳಿಯುವ ಈ ಹನ್ನೊಂದು ನಿಮಿಷ ಬೆಂಗಳೂರಿನ ನಾಯಂಡಹಳ್ಳಿಯ ದಟ್ಟಣೆಯಲ್ಲೇ ಕರಗಿಹೋಗಬಹುದು. ಹಾಗಾಗಿ ಅತಿವೇಗಕ್ಕೆ ಆತುರವೊಂದೇ ಕಾರಣವೆನ್ನುವುದು ಸಾಲದು.

ಚಾಲಕನು ಫಲಕಕ್ಕಿಂತ ಮೊದಲು ರಸ್ತೆಯನ್ನು ಓದುತ್ತಾನೆ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳ ನಡುವೆಯೇ ಹಾಯುತ್ತಿದ್ದ ಹಳೆಯ ದಾರಿಯಲ್ಲಿ ಹಂಪು, ಸಿಗ್ನಲ್ಲು, ಎತ್ತಿನಗಾಡಿಗಳೇ ಕಾಲನ್ನು ಬ್ರೇಕಿನ ಮೇಲಿರಿಸುತ್ತಿದ್ದವು. ಊರುಗಳನ್ನು ಬಳಸಿ ಹೋಗುವ ಆರು ಪಥಗಳ ರಸ್ತೆಯಲ್ಲಿ ಅಂಥ ತಡೆಗಳಿಲ್ಲ. ಅರ್ಧ ಗಂಟೆ 110ರಲ್ಲಿ ಸಾಗಿದವನ ಕಣ್ಣು ಆ ವೇಗಕ್ಕೆ ಒಗ್ಗಿರುತ್ತದೆ. ಆಮೇಲೆ 80 ಎಂದರೆ ಆಮೆನಡಿಗೆ. ಹಿಂದಿನಿಂದ ಹೆಡ್‌ಲೈಟ್ ಮಿಟುಕಿಸುವವರು ಬೇರೆ ಇದ್ದರೆ, ಮಿತಿ ಪಾಲಿಸುವವನಿಗೇ ತಾನು ತಪ್ಪು ಮಾಡುತ್ತಿದ್ದೇನೆ ಅನಿಸತೊಡಗುತ್ತದೆ.

ಆದರೆ ಕಣ್ಣಿಗೆ ಹಗುರವೆನಿಸಿದ ವೇಗ ದೇಹಕ್ಕೆ ಹಗುರವಲ್ಲ. 100ರಿಂದ 120ಕ್ಕೆ ಏರಿದರೆ ಡಿಕ್ಕಿಯ ಚಲನಶಕ್ತಿ ಶೇ 44ರಷ್ಟು ಹೆಚ್ಚುತ್ತದೆ. ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಿಗೆ ಬಲಿಯಾದವರು 1,68,491. ಇದರಲ್ಲಿ ಶೇ 71.2ರಷ್ಟು ಸಾವುಗಳಿಗೆ ಅತಿವೇಗ ಕಾರಣವೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಪೊಲೀಸ್ ದಾಖಲೆಗಳಿಂದ ಬಂದ ಈ ವರ್ಗೀಕರಣವನ್ನು ಎಚ್ಚರದಿಂದಲೇ ಓದಬೇಕು. ಸತ್ತವರ ಸಂಖ್ಯೆಯ ಭಾರ ಮಾತ್ರ ಅದರಿಂದ ಕಡಿಮೆಯಾಗದು.

ಶಿಕ್ಷೆಯ ಕಠೋರತೆಗಿಂತ ಅದರ ಖಚಿತತೆ ಅಪರಾಧವನ್ನು ತಡೆಯುತ್ತದೆ ಎಂದು ಇಟಲಿಯ ಚಿಂತಕ ಬೆಕಾರಿಯಾ 1764ರಲ್ಲೇ ವಾದಿಸಿದ್ದ. ಕಾನೂನು ನ್ಯಾಯಯುತವೆಂದು ತೋರಿದಾಗ ಜನ ಅದನ್ನು ತಾವಾಗಿಯೇ ಪಾಲಿಸುತ್ತಾರೆಂಬುದು ಅಮೆರಿಕದ ಮನೋವಿಜ್ಞಾನಿ ಟಾಮ್ ಟೈಲರ್ 1990ರಲ್ಲಿ ಮಂಡಿಸಿದ ನಿಲುವು. ನಮ್ಮಲ್ಲಿ ಶಿಕ್ಷೆಯ ಖಚಿತತೆ, ಕಾನೂನಿನ ಮೇಲಿನ ನಂಬಿಕೆ ಎರಡೂ ಸಡಿಲವಾಗಿವೆ. ಮಿತಿ ಎಷ್ಟೆಂಬುದರಲ್ಲೇ ಗೊಂದಲ. ಎಕ್ಸ್‌ಪ್ರೆಸ್‌ವೇಗಳಲ್ಲಿ ಕಾರುಗಳಿಗೆ 120ರ ಮಿತಿ ನೀಡಿದ್ದ ಕೇಂದ್ರದ 2018ರ ಅಧಿಸೂಚನೆಯನ್ನು ಮದ್ರಾಸ್ ಹೈಕೋರ್ಟ್ 2021ರಲ್ಲಿ ರದ್ದುಪಡಿಸಿತು. ಇತ್ತ ರಾಜ್ಯದ ಪೊಲೀಸರು 130 ಮೀರಿದವರ ಮೇಲೆ 2024ರ ಆಗಸ್ಟ್ 1ರಿಂದ ಎಫ್‌ಐಆರ್ ದಾಖಲಿಸುವುದಾಗಿ ಪ್ರಕಟಿಸಿದರು. ಕ್ರಮ ಅಗತ್ಯವೇ ಆಗಿತ್ತು. ಆದರೂ 100 ಬರೀ ಫಲಕದ್ದು, 130 ನಿಜವಾದದ್ದು ಎಂದು ಚಾಲಕರು ಅರ್ಥ ಮಾಡಿಕೊಳ್ಳುವ ಅಪಾಯ ಅದರಲ್ಲಿದೆ.

ಕ್ಯಾಮೆರಾ ಕಂಡಲ್ಲಿ ನಿಧಾನಿಸಿ, ದಾಟಿದೊಡನೆ ಮತ್ತೆ ಒತ್ತುವ ಚಾಳಿಗೆ ಎರಡು ಬಿಂದುಗಳ ನಡುವಿನ ಸರಾಸರಿ ವೇಗ ಅಳೆಯುವುದೇ ತಕ್ಕ ಉಪಾಯ. ಟೋಲ್‌ನಿಂದ ಟೋಲ್‌ಗೆ ಫಾಸ್ಟ್ಯಾಗ್ ಸಮಯ ನೋಡಿದರೆ ಸಾಲದು: ನಡುವೆ ಮದ್ದೂರಿಗಿಳಿದು ವಡೆ ತಿಂದು ಕಾಫಿ ಕುಡಿದವನು ಉಳಿದ ದಾರಿಯುದ್ದಕ್ಕೂ 140ರಲ್ಲಿ ಓಡಿಸಿಯೂ ಸರಾಸರಿಯಲ್ಲಿ ಪಾರಾಗುತ್ತಾನೆ. ಹಾಗಾಗಿ ಎರಡು ಇಳಿದಾರಿಗಳ ನಡುವಿನ ಒಂದೊಂದು ತುಂಡನ್ನೂ ಬೇರೆಬೇರೆಯಾಗಿ ಅಳೆಯಬೇಕು.