ನಾಲ್ಕಂಗುಲ ಮಣ್ಣು

೧೯೧೭ರಲ್ಲಿ ಹ್ಯೂ ಡಿಹೇವನ್ ಎಂಬ ಅಮೆರಿಕದ ತರುಣನೊಬ್ಬ ವಿಮಾನ ನಡೆಸುವುದನ್ನು ಕಲಿಯುತ್ತಿದ್ದಾಗ, ಆಕಾಶದಲ್ಲೇ ಇನ್ನೊಂದು ವಿಮಾನ ತಾಕಿ ನೆಲಕ್ಕೆ ಬಿದ್ದ, ಬದುಕಿಕೊಂಡ. ನಾವಾಗಿದ್ದರೆ ಆಯುಸ್ಸು ಗಟ್ಟಿಯೆಂದು ಸುಮ್ಮನಾಗುತ್ತಿದ್ದೆವು. ಆತ ಮಾತ್ರ ತನ್ನ ಹೊಟ್ಟೆಯೊಳಗಿನ ಗಾಯಕ್ಕೆ ಆಸನದ ಪಟ್ಟಿಯ ಕೊಂಡಿಯೇ ಕಾರಣವೆಂದು ಬಗೆದ.

ಜೀವಂತ ಮನುಷ್ಯರನ್ನು ಮಾಳಿಗೆಯಿಂದ ತಳ್ಳಿ ಪರೀಕ್ಷಿಸುವಂತಿಲ್ಲವಷ್ಟೆ. ಆದ್ದರಿಂದ ಆತ ಹೇಗೋ ಬಿದ್ದು ಉಳಿದವರನ್ನು ಹುಡುಕಿದ. ೧೯೪೨ರ ಅವನ ಲೇಖನದಲ್ಲಿ ಅಂಥ ಎಂಟು ಮಂದಿಯ ವೃತ್ತಾಂತವಿದೆ. ಒಬ್ಬ ಹೆಂಗಸು ೫೫ ಅಡಿ ಎತ್ತರದಿಂದ ತೋಟದ ಮಣ್ಣಿನ ಮೇಲೆ ಬಿದ್ದಳು. ಮಣ್ಣು ನಾಲ್ಕಂಗುಲ ಕುಸಿಯಿತು. ೫೫ ಅಡಿಯ ವೇಗ ನಾಲ್ಕಂಗುಲದಲ್ಲಿ ಅಡಗಬೇಕಾದರೆ ಮೈಮೇಲಿನ ಒತ್ತಡ ಸರಾಸರಿ ಅವಳ ತೂಕದ ೧೬೫ ಪಟ್ಟು. ಆದರೂ ಆಕೆ ಉಳಿದಳು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬುದು ನಮ್ಮ ಗಾದೆ. ಇಲ್ಲಿ ಜೀವ ಉಳಿಸಿದ್ದು ಮಣ್ಣೇ. ಕಲ್ಲುಚಪ್ಪಡಿಯಾಗಿದ್ದರೆ ಕಥೆ ಬೇರೆ.

ನೆಲದ ಕುಳಿಯನ್ನೇನೋ ಅಳೆಯಬಹುದು. ಬಿದ್ದ ಗಳಿಗೆಯಲ್ಲಿ ತಲೆಗೆಷ್ಟು, ಕತ್ತಿಗೆಷ್ಟು ಪೆಟ್ಟೆಂದು ಅಳೆಯುವುದು ಹೇಗೆ? ೧೯೭೭ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ರಿಚರ್ಡ್ ಸ್ನೈಡರ್ ಮತ್ತು ಸಂಗಡಿಗರು ನಿಜವಾಗಿ ಬಿದ್ದವರ ವೃತ್ತಾಂತಗಳನ್ನೇ ಗಣಕಯಂತ್ರದಲ್ಲಿ ಮರಳಿ ನಡೆಸಿ ನೋಡಿದರು. ಯಂತ್ರದೊಳಗಿನ ಮೈ ಎಷ್ಟು ಸಲ ಬಿದ್ದರೂ ನೋಯದು. ಈಚಿನ ಮಾದರಿಗಳಲ್ಲಿ ಎಲುಬು, ಮಿದುಳು, ಒಳಾಂಗಗಳೂ ಉಂಟು.

ಆದರೆ ಅದು ಯಾರ ಮೈ? ನನ್ನ ಅಳುಕು ಇಲ್ಲಿಯದು. ೨೦೦೦ದಲ್ಲಿ ಟೊಯೋಟಾ ಸಂಸ್ಥೆ ಕಾರು ಅಪಘಾತಗಳಿಗಾಗಿ ಹೊರತಂದ ಹೆಸರಾಂತ ಮಾದರಿ ಮೊದಲಿಗೆ ಸಾಧಾರಣ ಮೈಕಟ್ಟಿನ ಗಂಡಸಿನದು. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಳ್ಳುವ ಮುದುಕಿಯ ಟೊಳ್ಳಾದ ಎಲುಬಿನ ಲೆಕ್ಕ ಅದರಲ್ಲಿರಲಿಲ್ಲ. ಹೆಂಗಸರ, ವೃದ್ಧರ ಮಾದರಿಗಳು ಆಮೇಲೆ ಬಂದವು.