ಬಾರಾಮಹಲಿನ ಕಂಬಳಿ

ಸೇಲಂ, ಧರ್ಮಪುರಿ ಸೀಮೆಯಲ್ಲಿ ದಂಡಿನ ಆಳಿನ ಮೈ ಬೆಚ್ಚಗಿಟ್ಟ ಉಣ್ಣೆಬಟ್ಟೆ ಸ್ವೆಟರ್ ಅಲ್ಲ, ಕಂಬಳಿ. ಅದರ ನೂಲು ತೆಗೆದವರು ಕುರುಬರ ಹೆಂಗಸರು, ನೇಯ್ದವರು ಗಂಡಸರು. ಹೊಸೂರು, ಡೆಂಕಣಿಕೋಟೆ, ಕೃಷ್ಣಗಿರಿ ಕಡೆಯ ಕುರುಬರಲ್ಲಿ ಬಹಳ ಮಂದಿಯ ಮನೆಮಾತು ಇಂದಿಗೂ ಕನ್ನಡ.

ಈ ಸೀಮೆಯ ಹಳೆಯ ಹೆಸರು ಬಾರಾಮಹಲ್. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ್ ಇದನ್ನು ಸೇಲಂ ಸಹಿತ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಘಟ್ಟದ ಮೇಲಿನ ಹೊಸೂರು ಸೀಮೆ 1799ರಲ್ಲಿ ಟಿಪ್ಪು ಮಡಿದ ಮೇಲೆ ಕಂಪನಿಯ ಕೈ ಸೇರಿತು. ಎಲ್ಲವೂ ಒಂದೇ ಸೇಲಂ ಜಿಲ್ಲೆಯಾಗಿದ್ದು, 1965ರಲ್ಲಿ ಧರ್ಮಪುರಿ, 2004ರಲ್ಲಿ ಅದರಿಂದ ಕೃಷ್ಣಗಿರಿ ಬೇರೆಯಾದವು. ಹಾಗಾಗಿ ಹಳೆಯ ಕಡತಗಳಲ್ಲಿ ಸೇಲಂ ಎಂದಿದ್ದರೆ ಅದು ಹೊಸೂರಿನ ಮಾತೂ ಆಗಿರಬಹುದು.

ಕುರಿ ಇದ್ದ ಕಡೆಯೆಲ್ಲ ಉಣ್ಣೆ ಇರುತ್ತದೆ ಎಂದುಕೊಳ್ಳುವಂತಿಲ್ಲ. ಸೇಲಂ ಜಿಲ್ಲೆಯ ಪ್ರಸಿದ್ಧ ತಳಿ ಮೇಚೇರಿ. ಮೇಟ್ಟೂರಿನ ಬಳಿಯ ಊರಿನ ಹೆಸರು ಹೊತ್ತ ಈ ಕೆಂಗಂದು ಕುರಿಗೆ ಮೈತುಂಬ ಗಿಡ್ಡ ಕೂದಲು, ಉಣ್ಣೆ ಇಲ್ಲ. ಅದಕ್ಕೆ ಬೆಲೆ ಬಂದದ್ದು ಮಾಂಸಕ್ಕೆ ಮತ್ತು ಚರ್ಮಕ್ಕೆ. ಕಂಬಳಿಗೆ ಬೇಕಾದದ್ದು ಕರಿಯ ಉಣ್ಣೆಯ ಕುರಿ. ಇಂದು ತಿರುಚಿ ಕರಿ ಎಂದು ಕರೆಸಿಕೊಳ್ಳುವ ತಳಿ ತಿರುಚಿರಾಪಳ್ಳಿ ಕಡೆಯಿಂದ ಧರ್ಮಪುರಿಯವರೆಗೂ ಹಬ್ಬಿದೆ. ಅದರ ಉಣ್ಣೆ ಒರಟು, ನಡುನಡುವೆ ಕೂದಲು ಬೆರೆತದ್ದು. ಸ್ವೆಟರ್ ಹೆಣಿಗೆಗೆ ಒಗ್ಗುವ ಮೆರಿನೊ ಎಳೆಯ ದಪ್ಪ ಸುಮಾರು 20 ಮೈಕ್ರಾನ್. ಕರಿ ಕುರಿಯದು ಅದಕ್ಕಿಂತ ಎಷ್ಟೋ ದಪ್ಪ. ಅಂಥ ನೂಲಿನಲ್ಲಿ ಹೆಣೆದ ಅಂಗಿಯನ್ನು ಬರಿಮೈಗೆ ತೊಟ್ಟವನು ಚಳಿಗಿಂತ ತುರಿಕೆಗೆ ಹೆಚ್ಚು ನರಳುತ್ತಾನೆ. ಮೈಗೆ ಅಂಟದೆ ಮೇಲೆ ಹೊದೆಯುವ ಬಟ್ಟೆಗಾದರೆ ಅದೇ ಒರಟುತನ ಗುಣ.

ಕೆಲಸ ಹಿಂಡಿನಿಂದ ಶುರು. ಕುರಿಗಳನ್ನು ಹಳ್ಳದಲ್ಲಿಯೋ ಕೆರೆಯಲ್ಲಿಯೋ ಮೀಯಿಸಿ, ಮೈ ಒಣಗಿದ ಮೇಲೆ ಕಾಲು ಕಟ್ಟಿ ಕೆಡವಿ, ಕಬ್ಬಿಣದ ಕತ್ತರಿಯಿಂದ ಉಣ್ಣೆ ಕತ್ತರಿಸುತ್ತಿದ್ದರು. ಮರಿಯ ಮೊದಲ ಕತ್ತರಿಕೆಯ ಉಣ್ಣೆ ಎಲ್ಲಕ್ಕಿಂತ ಮೃದು. ಒಳ್ಳೆಯ ಕಂಬಳಿಗೆ ಅದನ್ನು ಬೇರೆ ತೆಗೆದಿಡುತ್ತಿದ್ದರು. ಬಿಲ್ಲಿನ ಹೆದೆಯಿಂದ ಮೀಟಿ ಸಿಕ್ಕು ಬಿಡಿಸಿದ ಉಣ್ಣೆಯನ್ನು ಹೆಂಗಸರು ನೂಲುತ್ತಿದ್ದರು. ನೂಲುವುದಕ್ಕೆ ಹಿಡಿಯುವ ಹೊತ್ತು ನೇಯುವುದಕ್ಕಿಂತ ಹೆಚ್ಚು. ಆದರೂ ಕಂಬಳಿಯ ಮಾತು ಬಂದಾಗ ಜನರ ಬಾಯಲ್ಲಿ ಬರುವುದು ನೇಕಾರನ ಹೆಸರೇ. ಹಾಸಿನ ನೂಲಿಗೆ ಹುಣಸೆ ಬೀಜವನ್ನು ಅರೆದು ಬೇಯಿಸಿದ ಗಂಜಿ ಬಳಿದು, ಕುಂಚದಿಂದ ತೀಡಿ, ಬಿಸಿಲಿಗೆ ಚಾಚಿ ಒಣಗಿಸಿ ಮಗ್ಗಕ್ಕೆ ಏರಿಸುತ್ತಿದ್ದರು. ಈ ಗಂಜಿಯಿಂದ ಹೊಸ ಕಂಬಳಿ ತೊಗಲಿನಂತೆ ಸೆಟೆದಿರುತ್ತಿತ್ತು, ಮಳೆನೀರು ಒಳಗಿಳಿಯದೆ ಮೇಲಿಂದಲೇ ಜಾರಿಹೋಗುತ್ತಿತ್ತು. ಬಣ್ಣ ಹಾಕುತ್ತಿರಲಿಲ್ಲ, ಕುರಿಯದೇ ಕಪ್ಪು, ಕಂದು, ಬಿಳಿ. ಕೊಪ್ಪೆ ಮಾಡಿ ತಲೆಯ ಮೇಲೆ ಇಳಿಬಿಟ್ಟರೆ ಅದೇ ಕೊಡೆ, ರಾತ್ರಿ ಅದೇ ಹಾಸಿಗೆ, ಕಾಳು ಕಟ್ಟಲು ಅದೇ ಚೀಲ. ಉಣ್ಣೆಗೆ ಮೈಲಿಗೆಯಿಲ್ಲ ಎಂಬ ನಂಬಿಕೆಯಿಂದ ದೇವರ ಗದ್ದಿಗೆಗೂ ಅದನ್ನೇ ಹಾಸುತ್ತಿದ್ದರು. ಕುರುಬರಲ್ಲಿ ಹತ್ತಿ ಕಂಕಣ, ಉಣ್ಣೆ ಕಂಕಣ ಎಂಬ ಒಳಭೇದಗಳಿರುವುದು ಮದುವೆಯಲ್ಲಿ ಕೈಗೆ ಕಟ್ಟುವ ದಾರದಿಂದ.

ಫ್ರಾನ್ಸಿಸ್ ಬುಕಾನನ್ 1800–01ರಲ್ಲಿ ಮೈಸೂರು ಸೀಮೆ ಸುತ್ತಿ, 1807ರಲ್ಲಿ ಅಚ್ಚು ಮಾಡಿಸಿದ ಪ್ರವಾಸ ವರದಿಯಲ್ಲಿ ಕುರುಬರ ಈ ಕಸುಬಿನ ವಿವರಗಳಿವೆ. 1898ರಲ್ಲಿ ಎಡ್ಗರ್ ಥರ್ಸ್ಟನ್ ಮದ್ರಾಸ್ ಪ್ರಾಂತ್ಯದ ಉಣ್ಣೆ ಕೈಗಾರಿಕೆಯ ಮೇಲೆಯೇ ಒಂದು ಪ್ರತ್ಯೇಕ ಪುಸ್ತಿಕೆ ಬರೆದ.

ದಂಡಿಗೂ ಕಂಬಳಿಗೂ ನಂಟು ಬೆಳೆದದ್ದು ಈ ನೆಲ ದಂಡಿನ ದಾರಿಯಾಗಿದ್ದರಿಂದ. ಮೈಸೂರಿನ ಪ್ರಸ್ಥಭೂಮಿಗೂ ತಮಿಳು ಬಯಲಿಗೂ ನಡುವೆ ಬಾರಾಮಹಲ್ ಮೆಟ್ಟಿಲು. 1790ರ ನವೆಂಬರಿನಲ್ಲಿ, ಹಿಂಗಾರು ಮಳೆಯ ಕಾಲದಲ್ಲೇ, ಟಿಪ್ಪುವಿನ ಸೈನ್ಯ ತೊಪ್ಪೂರು ಕಣಿವೆಯಿಂದ ಕೆಳಗಿಳಿಯಿತು. ಅಂಥ ಹೊತ್ತಿನಲ್ಲಿ ಹತ್ತಿಬಟ್ಟೆಯ ಸಿಪಾಯಿಗೆ ಕಂಬಳಿಯಷ್ಟು ಆಸರೆ ಬೇರೆ ಇರಲಿಲ್ಲ. 1809ರಲ್ಲಿ ಶ್ರೀರಂಗಪಟ್ಟಣದ ಪಡೆಯನ್ನು ಬೆಂಗಳೂರಿನ ಕಂಟೋನ್ಮೆಂಟಿಗೆ ಸಾಗಿಸಿದ ಮೇಲೆ, ಹೊಸೂರಿನಿಂದ ಒಂದೆರಡು ದಿನದ ದಾರಿಯಲ್ಲೇ ಚಳಿಯೂರಿನ ದೊಡ್ಡ ದಂಡು ಬಂದು ನಿಂತಂತಾಯಿತು.

ಕಸುಬಿಗೆ ಮೊದಲ ಪೆಟ್ಟು ಬಿದ್ದದ್ದು ಬರದಿಂದ. 1876–78ರ ಕ್ಷಾಮದ ಎರಡು ಬದಿಯ ಜನಗಣತಿಗಳಲ್ಲಿ ಸೇಲಂ ಜಿಲ್ಲೆಯ ಜನಸಂಖ್ಯೆ ಸುಮಾರು 19.7 ಲಕ್ಷದಿಂದ 16 ಲಕ್ಷಕ್ಕೆ ಇಳಿದಿದೆ. ಜನಕ್ಕೇ ಹೀಗಾದಾಗ ಮೇವಿಲ್ಲದ ಹಿಂಡುಗಳ ಪಾಡು ಹೇಳಬೇಕಾಗಿಲ್ಲ. ಎರಡನೆಯ ಪೆಟ್ಟು ಗಿರಣಿಯದು. ಕಾನ್ಪುರ, ಧಾರಿವಾಲ್‌ಗಳ ಉಣ್ಣೆ ಗಿರಣಿಗಳ ಜೊತೆಗೆ, 1884ರಲ್ಲಿ ಶುರುವಾಗಿ ಬಿನ್ನಿ ಕಂಪನಿಯ ಕೈಯಲ್ಲಿ ಬೆಳೆದ ಬೆಂಗಳೂರಿನ ಉಣ್ಣೆ, ಹತ್ತಿ, ರೇಷ್ಮೆ ಗಿರಣಿಯೂ ಸೈನ್ಯಕ್ಕೆ ಬಟ್ಟೆ ಒದಗಿಸತೊಡಗಿತು.

ಇನ್ನು ಸ್ವೆಟರ್‌ನ ಮಾತು. ಸೂಜಿಯ ಹೆಣಿಗೆ ದೊಡ್ಡ ಪ್ರಮಾಣದಲ್ಲಿ ಯುದ್ಧದ ಕಸುಬಾದದ್ದು 1914ರಲ್ಲಿ. ಆ ಸೆಪ್ಟೆಂಬರಿನ ಕೊನೆಗೆ ಭಾರತೀಯ ಪಡೆ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದಾಗ ಮೈಮೇಲಿದ್ದದ್ದು ಹತ್ತಿಯ ಖಾಕಿ, ಎದುರಿಗಿದ್ದದ್ದು ಯುರೋಪಿನ ಚಳಿಗಾಲ. ಅದೇ ಹೊತ್ತಿಗೆ ಬ್ರಿಟನ್ನಿನಲ್ಲಿ ರಾಣಿ ಮೇರಿ ಸೈನಿಕರಿಗಾಗಿ 3 ಲಕ್ಷ ಜೊತೆ ಕಾಲುಚೀಲ, 3 ಲಕ್ಷ ಸೊಂಟಪಟ್ಟಿ ಬೇಕೆಂದು ಹೆಂಗಸರಿಗೆ ಕರೆಕೊಟ್ಟಿದ್ದಳು. ಮಫ್ಲರ್, ಕುಲಾವಿ, ಕೈಗವಸು, ಸ್ವೆಟರ್‌ಗಳ ಅಳತೆ ತೋರಿಸುವ ಚೀಟಿಗಳು ಅಚ್ಚಾದವು. 1939ರ ನಂತರ ಅದೇ ಮರುಕಳಿಸಿತು. ಭಾರತಕ್ಕೆ ಈ ವಿದ್ಯೆ ಬಂದದ್ದು ಯುರೋಪಿಯನ್ ಹೆಂಗಸರು ಮತ್ತು ಮಿಷನ್ ಶಾಲೆಗಳ ಮೂಲಕ. ದಕ್ಷಿಣದಲ್ಲಿ ಹೆಣಿಗೆಗೆ ಹತ್ತಿರದ ನಯವಾದ ಉಣ್ಣೆ ಇದ್ದದ್ದು, 19ನೇ ಶತಮಾನದಲ್ಲಿ ವಿದೇಶಿ ತಳಿ ಬೆರೆಸಿ ಬೆಳೆಸಿದ ನೀಲಗಿರಿ ಕುರಿಯಲ್ಲಿ ಮಾತ್ರ. ಮನೆಯಲ್ಲಿ ಕೂತು ಹೆಣೆದು ಕೊಟ್ಟವರ ಕೆಲಸ ದಾನವೆನಿಸಿ ಚರಿತ್ರೆಗೆ ಸೇರಿತು. ಸಂತೆಗೆ ನೂಲಿದವಳದು ಕೂಲಿ. ಅದು ದಂಡಿನ ಲೆಕ್ಕದಲ್ಲಿ ಕಂಬಳಿಯ ಬೆಲೆಯಾಗಿಯಷ್ಟೇ ಕಾಣುತ್ತದೆ. ಇದು ನ್ಯಾಯವಲ್ಲ.

ಎರಡನೇ ಮಹಾಯುದ್ಧದಲ್ಲಿ ಸರ್ಕಾರದ ಸರಬರಾಜು ಇಲಾಖೆ ಗಿರಣಿಗಳು ಸಾಲದೆ ದೇಶದ ಕೈಮಗ್ಗಗಳಿಂದಲೂ ಕಂಬಳಿ ಕೊಂಡಿತು. ಯುದ್ಧ ಮುಗಿದ ಮೇಲೆ ಆ ಬೇಡಿಕೆ ಉಳಿಯಲಿಲ್ಲ. ಹಳೆಯ ಉಣ್ಣೆಬಟ್ಟೆ ಹರಿದು ಮತ್ತೆ ನೂಲು ಮಾಡುವ ಪಾಣಿಪತ್ತಿನ ಅಗ್ಗದ ಹೊದಿಕೆಗಳು ಸಂತೆಗೆ ಬಂದವು, ಮಳೆಗೆ ಪ್ಲಾಸ್ಟಿಕ್ ಹಾಳೆ ಬಂತು. ಕುರಿ ಸಾಕುವವರ ಲೆಕ್ಕವೂ ಬದಲಾಯಿತು: ಮಾಂಸಕ್ಕೆ ಬೆಲೆ ಏರಿತು, ಉಣ್ಣೆಯಿಂದ ಅದನ್ನು ಕತ್ತರಿಸುವ ಕೂಲಿಯೂ ಹುಟ್ಟದಾಯಿತು. ಕುರುಬರ ಮನೆಗಳಲ್ಲಿ ದೇವರ ಗದ್ದಿಗೆಗೆ, ಮದುವೆಯ ಹಾಸಿಗೆ ಕರಿ ಕಂಬಳಿ ಈಗಲೂ ಬೇಕು. ಅದನ್ನು ಅಂಗಡಿಯಿಂದ ಕೊಂಡು ತರುವ ಮನೆಗಳೇ ಹೆಚ್ಚು.