ಸಾವಯವ ಕೃಷಿ ಸಹಾಯಧನ ಮತ್ತು ಫಲಾನುಭವಿಗಳ ವಿವರ ಪ್ರಕಟಣೆ

ರಾಸಾಯನಿಕ ಗೊಬ್ಬರ, ಕೀಟನಾಶಕಗಳನ್ನು ಬಿಟ್ಟು ಸಾವಯವ ಪದ್ಧತಿಗೆ ಬರುವ ರೈತರಿಗೆ ಸರ್ಕಾರ ಕೊಡುವ ನೆರವು ಸಾವಯವ ಕೃಷಿ ಸಹಾಯಧನ. ಇದು ಸಾರ್ವಜನಿಕ ಹಣವಾದ್ದರಿಂದ ಯಾರಿಗೆ, ಯಾತಕ್ಕೆ, ಎಷ್ಟು ಸಂದಾಯವಾಯಿತು ಎಂಬುದನ್ನು ಪ್ರಕಟಿಸುವ ನಿಯಮ ಭಾರತದಲ್ಲೂ ಐರೋಪ್ಯ ಒಕ್ಕೂಟದಲ್ಲೂ ಇದೆ.

ಸಹಾಯಧನದ ಸ್ವರೂಪ: ಸಾವಯವಕ್ಕೆ ಬದಲಾಗುವ ಜಮೀನಿನಲ್ಲಿ ಮೊದಲ ಎರಡು ಮೂರು ವರ್ಷ ಇಳುವರಿ ಕುಸಿಯಬಹುದು, ಪ್ರಮಾಣಪತ್ರ ಸಿಗುವವರೆಗೆ ಬೆಳೆಗೆ ಸಾವಯವದ ಬೆಲೆಯೂ ದೊರೆಯದು. ಈ ಕೊರತೆಯನ್ನು ತುಂಬುವುದೇ ಸಹಾಯಧನದ ಉದ್ದೇಶ. ಭಾರತದಲ್ಲಿ 2015ರಲ್ಲಿ ಆರಂಭವಾದ ಪರಂಪರಾಗತ ಕೃಷಿ ವಿಕಾಸ ಯೋಜನೆ ರೈತರನ್ನು ಸುಮಾರು 20 ಹೆಕ್ಟೇರ್‌ಗಳ ಗುಂಪುಗಳಾಗಿ ಸಂಘಟಿಸುತ್ತದೆ. ಮೂರು ವರ್ಷಕ್ಕೆ ಹೆಕ್ಟೇರಿಗೆ 50,000 ರೂಪಾಯಿ ನಿಗದಿಯಾಗಿ, ಅದರಲ್ಲಿ 31,000 ರೂಪಾಯಿ ನೇರವಾಗಿ ರೈತರ ಖಾತೆಗೆ ಹೋಗುತ್ತಿತ್ತು. ಪರಿಷ್ಕೃತ ಮೊತ್ತ 31,500 ರೂಪಾಯಿ; ರೈತರ ನೇರ ಪಾಲು 15,000. ಉಳಿದ ಹಣ ತರಬೇತಿ, ಪ್ರಮಾಣೀಕರಣ, ಮಾರುಕಟ್ಟೆ ಮುಂತಾದವುಗಳಿಗೆ ಮೀಸಲು. ಕರ್ನಾಟಕ 2004ರಲ್ಲೇ ಸಾವಯವ ಕೃಷಿ ನೀತಿಯನ್ನು ರೂಪಿಸಿತ್ತು.

ಭಾರತದಲ್ಲಿ ಪ್ರಕಟಣೆ: ಮಾಹಿತಿ ಹಕ್ಕು ಕಾಯ್ದೆ, 2005ರ 4(1)(ಬಿ) ವಿಧಿಯ 12ನೆಯ ಅಂಶದಂತೆ ಸಹಾಯಧನ ಕಾರ್ಯಕ್ರಮಗಳ ಜಾರಿಯ ವಿಧಾನ, ಹಂಚಿಕೆಯಾದ ಮೊತ್ತ ಮತ್ತು ಫಲಾನುಭವಿಗಳ ವಿವರವನ್ನು ಇಲಾಖೆಗಳು ಯಾರೂ ಅರ್ಜಿ ಹಾಕದಿದ್ದರೂ ತಾವಾಗಿಯೇ ಪ್ರಕಟಿಸಬೇಕು. ಕರ್ನಾಟಕದ ಮಾಹಿತಿ ಕಣಜ ಜಾಲತಾಣ ಇಂಥ ಮಾಹಿತಿಯನ್ನು ಒಂದೆಡೆ ನೀಡುವ ಪ್ರಯತ್ನ. ಪಟ್ಟಿ ಬಹಿರಂಗವಾದರೆ ಜಮೀನೇ ಇಲ್ಲದವರ ಹೆಸರಿನಲ್ಲಿ ಬಿಲ್ ಆಗಿದ್ದರೆ, ಒಂದೇ ಜಮೀನಿಗೆ ಎರಡು ಬಾರಿ ಹಣ ಪಡೆದಿದ್ದರೆ ಊರಿನವರೇ ಗುರುತಿಸಬಹುದು. ಆದರೆ ಪಾರದರ್ಶಕತೆಗೂ ಮಿತಿಯಿದೆ. ಫಲಾನುಭವಿಗಳ ಪಟ್ಟಿಯ ಜೊತೆ ಅವರ ಆಧಾರ್ ಸಂಖ್ಯೆಯನ್ನೂ ಹಾಕಿದ್ದ ಸುಮಾರು 210 ಸರ್ಕಾರಿ ಜಾಲತಾಣಗಳು 2017ರಲ್ಲಿ ಬೆಳಕಿಗೆ ಬಂದವು. ಆಧಾರ್ ಸಂಖ್ಯೆಯ ಬಹಿರಂಗ ಪ್ರಕಟಣೆಯನ್ನು 2016ರ ಆಧಾರ್ ಕಾಯ್ದೆ ನಿರ್ಬಂಧಿಸಿದೆ.

ಐರೋಪ್ಯ ಒಕ್ಕೂಟ: ಕೃಷಿ ನಿಧಿಯಿಂದ ನೆರವು ಪಡೆದವರೆಲ್ಲರ ಹೆಸರು, ಮೊತ್ತವನ್ನು ಪ್ರಕಟಿಸುವಂತೆ 2008ರ ನಿಯಮ ಸದಸ್ಯ ದೇಶಗಳಿಗೆ ಸೂಚಿಸಿತ್ತು. ಜರ್ಮನಿಯ ಹೆಸ್ಸೆ ರಾಜ್ಯದಲ್ಲಿ ನೆರವು ಪಡೆದವರು ಇದನ್ನು ಪ್ರಶ್ನಿಸಿದರು. ಒಕ್ಕೂಟದ ನ್ಯಾಯಾಲಯ 2010ರ ನವೆಂಬರ್ 9ರಂದು ತೀರ್ಪಿತ್ತು, ನೆರವಿನ ಅವಧಿ, ಬಗೆ, ಪ್ರಮಾಣಗಳ ಭೇದವೆಣಿಸದೆ ವ್ಯಕ್ತಿಗಳ ಹೆಸರನ್ನು ಪ್ರಕಟಿಸುವುದು ಖಾಸಗಿತನಕ್ಕೆ ಧಕ್ಕೆಯೆಂದು ಆ ಭಾಗವನ್ನು ಅಸಿಂಧುಗೊಳಿಸಿತು. ಕಂಪನಿಗಳಿಗೆ ಈ ರಕ್ಷಣೆ ಸಿಗಲಿಲ್ಲ. ಮುಂದೆ 2013ರ ನಿಯಮ ಸಣ್ಣ ಮೊತ್ತ ಪಡೆದವರ ಹೆಸರನ್ನು ಮರೆಮಾಡಿತು. ಈ ಮಿತಿ ಸಾಮಾನ್ಯವಾಗಿ 1,250 ಯೂರೋ. ಉಳಿದವರ ಹೆಸರು, ಊರು, ಯೋಜನೆವಾರು ಮೊತ್ತ ಪ್ರತಿ ವರ್ಷ ಮೇ 31ರೊಳಗೆ ಪ್ರಕಟವಾಗಬೇಕು. 2013ರ ನಿಯಮದಡಿಯ ಪಟ್ಟಿಗಳಲ್ಲಿ ಸಾವಯವ ಕೃಷಿಗೆ ಸಂದ ಹಣವನ್ನು ಬೇರೆಯಾಗಿಯೇ ಕಾಣಬಹುದಿತ್ತು.

ಈಚಿನ ಬದಲಾವಣೆ: ಭಾರತದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023 ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ವಿಧಿಗೆ ತಿದ್ದುಪಡಿ ತಂದು, ವೈಯಕ್ತಿಕ ಮಾಹಿತಿಗೆ ಇರುವ ವಿನಾಯಿತಿಯನ್ನು ವಿಸ್ತರಿಸಿದೆ. ಫಲಾನುಭವಿಗಳ ವಿವರ ಕೇಳಿದರೆ ಇದನ್ನೇ ಮುಂದೊಡ್ಡಿ ನಿರಾಕರಿಸಬಹುದೆಂಬ ಆತಂಕವನ್ನು ಮಾಹಿತಿ ಹಕ್ಕು ಕಾರ್ಯಕರ್ತರು ವ್ಯಕ್ತಪಡಿಸಿದ್ದಾರೆ. ಸಾರ್ವಜನಿಕ ಹಿತ ದೊಡ್ಡದಾದಾಗ ಮಾಹಿತಿ ಕೊಡಲು ಅವಕಾಶ ನೀಡುವ 8(2) ವಿಧಿಯನ್ನಾಗಲಿ, ಫಲಾನುಭವಿಗಳ ವಿವರವನ್ನು ಪ್ರಕಟಿಸಬೇಕೆನ್ನುವ 4ನೆಯ ವಿಧಿಯನ್ನಾಗಲಿ ಈ ತಿದ್ದುಪಡಿ ಬದಲಿಸಿಲ್ಲ.